ಮಡಿಕೇರಿ ಮಳೆಯಲ್ಲಿ ತಗಡಿನ ರೈಲು ಉಳಿಸುವುದು ಹೇಗೆ?

ಹೊರಗೆ ಕಣದಲ್ಲಿ ಕಾಫಿ ಒಣಗುತ್ತಿರುವಾಗಲೇ ಮನೆಯೊಳಗಿನ ಅಟ್ಟವೂ ಒಮ್ಮೆ ಬಿಸಿಲು ಕಾಣುತ್ತದೆ. ಜನವರಿ, ಫೆಬ್ರವರಿಯ ಈ ದಿನಗಳಲ್ಲಿ ಹಳೆಯ ಟ್ರಂಕುಗಳು ಅಂಗಳಕ್ಕೆ ಇಳಿಯುತ್ತವೆ. ಕಂಬಳಿ, ಹಳೆಯ ಲೆಕ್ಕದ ಪುಸ್ತಕ, ಒಡೆದ ಲಾಟೀನು ಇವುಗಳ ನಡುವೆ ಒಮ್ಮೊಮ್ಮೆ ಅಂಗೈಯಗಲದ ಒಂದು ತಗಡಿನ ಕಾರು ಸಿಗುತ್ತದೆ. ಇಲ್ಲವೇ ಚಕ್ರ ಕಳಚಿದ ಎಂಜಿನ್ನು, ಒಂದು ರೆಕ್ಕೆ ಮಡಚಿಹೋದ ವಿಮಾನ. ಹೊಟ್ಟೆಯ ಹತ್ತಿರ ಕೀ ತೂರಿಸುವ ತೂತು, ಕಿಟಕಿಯಲ್ಲಿ ಅಚ್ಚು ಹಾಕಿದ ಪ್ರಯಾಣಿಕರ ಮುಖ, ಅಂಚಿನಲ್ಲಿ ಕೆಂಪು ತುಕ್ಕು. ಕೈಗೆ ತೆಗೆದುಕೊಂಡವರು ಮೊದಲು ಮಾಡುವ ಕೆಲಸ ಎರಡೇ: ಕೀ ತಿರುಗಿಸುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು. ಎರಡನ್ನೂ ಮಾಡಬೇಡಿ ಎಂದು ಹೇಳುವುದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ರೈಲು ಹಳಿ ಇಲ್ಲದ ಜಿಲ್ಲೆ ನಮ್ಮದು. 1882ರ ಹೊತ್ತಿಗೆ ಮೈಸೂರಿಗೂ 1907ರಲ್ಲಿ ಮಂಗಳೂರಿಗೂ ರೈಲು ಬಂತು. ನಡುವಿನ ಬೆಟ್ಟ ಹತ್ತಿ ಮಡಿಕೇರಿಗೆ ಬರಲೇ ಇಲ್ಲ. ಇಲ್ಲಿನ ಎಷ್ಟೋ ಮಕ್ಕಳಿಗೆ ಕಣ್ಣೆದುರು ಓಡಿದ ಮೊದಲ ರೈಲೆಂದರೆ ರಾಜಾಸೀಟಿನ ಪುಟಾಣಿ ರೈಲು. ಅದಕ್ಕೂ ಹಿಂದಿನ ತಲೆಮಾರಿಗೆ ಬೆಂಗಳೂರಿನಿಂದಲೋ ಮದ್ರಾಸಿನಿಂದಲೋ ಯಾರೋ ತಂದುಕೊಟ್ಟ ತಗಡಿನ ಎಂಜಿನ್ನೇ ರೈಲು. ಹಬೆ ಎಂಜಿನ್ನು, ಮೋಟಾರು ಕಾರು, ವಿಮಾನ, ಜೀಪು ಇವು ಬೆಟ್ಟ ಹತ್ತುವ ಮೊದಲೇ ಅವುಗಳ ಪುಟ್ಟ ರೂಪ ಟ್ರಂಕಿನಲ್ಲಿ ಕೂತು ಬಂದಿರುತ್ತಿತ್ತು. ಈ ಆಟಿಕೆಗಳನ್ನು ಉಳಿಸಿಕೊಳ್ಳಬೇಕು ಅನ್ನುವುದು ಇದಕ್ಕಾಗಿ. ಹಳತು ಎಂಬ ಕಾರಣಕ್ಕಷ್ಟೇ ಅಲ್ಲ, ದೂರದ ಜಗತ್ತು ಈ ಬೆಟ್ಟದ ಮಗುವಿನ ಕೈಗೆ ಹೇಗೆ ಸಿಕ್ಕಿತು ಎಂಬುದಕ್ಕೆ ಉಳಿದಿರುವ ಸಾಕ್ಷಿ ಇವೇ.

ಮೊದಲ ದಿನ: ಬರೀ ನೋಡಿ, ಬರೆದಿಡಿ

ಸಿಕ್ಕಿದ ದಿನ ಸ್ವಚ್ಛ ಮಾಡುವುದು ಬೇಡ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಆಟಿಕೆಯನ್ನು ಅದರ ಮೇಲಿಡಿ. ಟ್ರಂಕಿನ ತಳದಲ್ಲಿ ಉದುರಿದ ಚೂರು, ಚಕ್ರ, ಕೀ, ತಗಡಿನ ತುಣುಕು ಏನಿದ್ದರೂ ಆರಿಸಿ ಒಂದು ಪುಟ್ಟ ಡಬ್ಬಿಗೆ ಹಾಕಿ. ಕಸದಂತೆ ಕಾಣುವ ತುಣುಕೇ ಎಷ್ಟೋ ಸಲ ಡ್ರೈವರನ ಕೈಯಾಗಿರುತ್ತದೆ, ಹೊಗೆಗೊಳವೆಯ ತುದಿಯಾಗಿರುತ್ತದೆ.

ಆಮೇಲೆ ಮೊಬೈಲಿನಲ್ಲಿ ಆರು ಕಡೆಯಿಂದಲೂ ಫೋಟೊ ತೆಗೆಯಿರಿ: ಮುಂದೆ, ಹಿಂದೆ, ಎಡ, ಬಲ, ಮೇಲೆ, ಕೆಳಗೆ. ಕೆಳಗಿನ ಫೋಟೊ ಎಲ್ಲಕ್ಕಿಂತ ಮುಖ್ಯ. ಪಕ್ಕದಲ್ಲಿ ಒಂದು ಸ್ಕೇಲು ಇಟ್ಟರೆ ಅಳತೆಯೂ ಸಿಗುತ್ತದೆ.

ಇನ್ನು ಮನೆಯ ಹಿರಿಯರ ಹತ್ತಿರ ಕೂತು ಕೇಳಬೇಕು. ಯಾರಿಗೆ ಬಂದದ್ದು, ಯಾರು ತಂದರು, ಎಲ್ಲಿಂದ, ಯಾವ ವರ್ಷದ ಸುಮಾರು? ಅಜ್ಜ ಸೈನ್ಯದಲ್ಲಿದ್ದಾಗ ಊರಿಗೆ ಬರುವಾಗ ತಂದದ್ದೇ? ತೋಟದ ದೊರೆಯ ಮನೆಯವರು ಊರು ಬಿಡುವಾಗ ರೈಟರ ಮಕ್ಕಳಿಗೆ ಕೊಟ್ಟದ್ದೇ? ಕೊಡಗಿನಲ್ಲಿ ಈ ಎರಡೂ ದಾರಿಗಳಿಂದ ಸಾಮಾನು ಬಂದಿರುವುದುಂಟು. ಹೇಳಿದ್ದನ್ನು ಹೇಳಿದ ಹಾಗೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹೇಳಿದವರ ಹೆಸರು, ತಾರೀಕು ಇರಲಿ. ಆಟಿಕೆಗೊಂದು ನಂಬರು ಕೊಟ್ಟು, ಸಣ್ಣ ಕಾಗದದ ಚೀಟಿಯಲ್ಲಿ ಆ ನಂಬರು ಬರೆದು ಹತ್ತಿಯ ನೂಲಿನಲ್ಲಿ ಸಡಿಲವಾಗಿ ಕಟ್ಟಿ. ಆಟಿಕೆಯ ಮೇಲೆಯೇ ಸ್ಟಿಕರು ಅಂಟಿಸಬಾರದು, ಕೀಳುವಾಗ ಬಣ್ಣವೂ ಬರುತ್ತದೆ. ತಗಡನ್ನು ಮುಂದೆಯೂ ನೋಡಬಹುದು. ಹಿರಿಯರ ನೆನಪನ್ನು ಕೇಳುವುದಕ್ಕೆ ಉಳಿದಿರುವ ಸಮಯ ಕಡಿಮೆ, ಹಾಗಾಗಿ ಈ ಕೆಲಸ ಮೊದಲು.

ಯಾವ ಕಾಲದ್ದು, ಎಲ್ಲಿಯದು?

ಆಟಿಕೆ ಯಾವ ವಾಹನವನ್ನು ಹೋಲುತ್ತದೆ ಎಂಬುದೇ ಮೊದಲ ಸುಳಿವು. ತಗಡಿನ ಆಟಿಕೆ ಮಾಡುವವರು ಬೀದಿಯಲ್ಲಿ ಹೊಸದಾಗಿ ಕಂಡದ್ದನ್ನು ಆದಷ್ಟು ಬೇಗ ಅಂಗಡಿಗೆ ತರುತ್ತಿದ್ದರು. ಎತ್ತರದ ಸೀಟಿನ, ಮಾಡಿಲ್ಲದ, ಕುದುರೆಗಾಡಿಯಂಥ ಮೋಟಾರು ಇದ್ದರೆ ಅದು 1900ರ ಆಚೀಚಿನ ರೂಪ. ಜರ್ಮನಿಯ ಬ್ರಾಂಡೆನ್‌ಬರ್ಗಿನಲ್ಲಿ 1881ರಲ್ಲಿ ಶುರುವಾದ ಲೇಮನ್ ಕಂಪನಿ ಇಂಥವುಗಳಿಗೆ ಹೆಸರಾಗಿತ್ತು; ಅದರ ಗುರುತು ಇ.ಪಿ.ಎಲ್. ಎಂಬ ಮೂರು ಅಕ್ಷರ. ಉದ್ದ ಮೂತಿಯ ಕಾರು 1920ರ, 30ರ ದಶಕದ್ದು. ಫ್ರಾನ್ಸಿನ ಸಿಟ್ರೋಯೆನ್ ಕಂಪನಿಯಂತೂ 1923ರಿಂದ ತನ್ನದೇ ಕಾರುಗಳ ಆಟಿಕೆ ಮಾರಿತು. ಇಂದಿನ ಮಗು ನಾಳೆಯ ಗಿರಾಕಿ ಎಂಬ ಲೆಕ್ಕಾಚಾರ ಅದರಲ್ಲಿತ್ತು. ಬಾಲದಲ್ಲಿ ರೆಕ್ಕೆ ಎದ್ದ, ಹೊಳೆಯುವ ಬಂಪರಿನ ಅಮೆರಿಕನ್ ಕಾರು 1950ರ ದಶಕದ್ದು, ಬಹುಮಟ್ಟಿಗೆ ಜಪಾನಿನದು.

ಒಂದು ಎಚ್ಚರಿಕೆ ಇದೆ. ಆಟಿಕೆಯ ಅಚ್ಚು ಒಮ್ಮೆ ಮಾಡಿದರೆ ವರ್ಷಗಟ್ಟಲೆ ಬಳಸುತ್ತಿದ್ದರು. ಆದ್ದರಿಂದ ವಾಹನದ ರೂಪದಿಂದ ಗೊತ್ತಾಗುವುದು ‘ಇದಕ್ಕಿಂತ ಹಿಂದಿನದಲ್ಲ’ ಎಂಬುದು ಮಾತ್ರ.

ಮುಂದಿನ ಸುಳಿವು ಅಕ್ಷರಗಳದು. ಭೂತಗನ್ನಡಿ ಹಿಡಿದು ತಳ, ಬಾಗಿಲ ಕೆಳಗಂಚು, ನಂಬರ್ ಪ್ಲೇಟು ನೋಡಿ. ‘ಮೇಡ್ ಇನ್ ಜರ್ಮನಿ’ ಎಂದು ಬರೆಯುವ ರೂಢಿ ಬ್ರಿಟನ್ನಿನ 1887ರ ಕಾಯ್ದೆಯಿಂದ ಬಂತು. ಡಿ.ಆರ್.ಜಿ.ಎಂ. ಎಂಬ ನಾಲ್ಕು ಅಕ್ಷರ ಜರ್ಮನಿಯ ವಿನ್ಯಾಸ ನೋಂದಣಿಯ ಗುರುತು. ಆ ಪದ್ಧತಿ ಶುರುವಾದದ್ದು 1891ರಲ್ಲಿ. ಜಿ.ಬಿ.ಎನ್. ಎಂದಿದ್ದರೆ ನ್ಯೂರೆಂಬರ್ಗಿನ ಬಿಂಗ್ ಸಹೋದರರ ಕಾರ್ಖಾನೆಯದು. 1920ರ ದಶಕದಲ್ಲಿ ಅದೇ ಕಂಪನಿ ಬಿ.ಡಬ್ಲ್ಯು. ಎಂದು ಹಾಕತೊಡಗಿತು. ‘ಯು.ಎಸ್. ಝೋನ್ ಜರ್ಮನಿ’ ಎಂದರೆ ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಕೆಲವೇ ವರ್ಷಗಳದು. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ 1952ಕ್ಕಿಂತ ಈಚಿನದಲ್ಲ, ಏಕೆಂದರೆ ಅಮೆರಿಕದ ಸೇನೆಯ ಆಡಳಿತ ಆ ವರ್ಷ ಮುಗಿಯಿತು. ಮೆಟಾಯ್ ಎಂಬ ಇಂಗ್ಲೆಂಡಿನ ಹೆಸರು ಕಂಡರೆ ಅದರ ಹಿಂದೆ ಒಂದು ವಲಸೆಯ ಕಥೆ ಇದೆ: ನ್ಯೂರೆಂಬರ್ಗಿನಲ್ಲಿ ಟಿಪ್ ಅಂಡ್ ಕೋ ಎಂಬ ಆಟಿಕೆ ಕಾರ್ಖಾನೆ ನಡೆಸುತ್ತಿದ್ದ ಯಹೂದಿ ಉದ್ಯಮಿ ಫಿಲಿಪ್ ಉಲ್‌ಮನ್ 1933ರಲ್ಲಿ ನಾಜಿಗಳ ಜರ್ಮನಿ ಬಿಟ್ಟು ಬಂದು ನಾರ್ಥಾಂಪ್ಟನ್ನಿನಲ್ಲಿ ಕಟ್ಟಿದ ಕಂಪನಿ ಅದು.

ರೈಲು ಸಿಕ್ಕಿದ್ದರೆ ಒಂದು ಅಳತೆ ಮಾಡಿ. ಹಳಿ ಇದ್ದರೆ ಎರಡು ಹಳಿಗಳ ಒಳ ಅಂಚಿನ ನಡುವಿನ ದೂರ ತೆಗೆದುಕೊಳ್ಳಿ. 32 ಮಿ.ಮೀ. ಬಂದರೆ ಅದು ‘ಓ’ ಗೇಜ್, 45 ಬಂದರೆ ‘ಒಂದು’ ಗೇಜ್. ಈ ಅಳತೆಗಳಿಗೆ ಒಂದು ಕ್ರಮ ತಂದದ್ದು ಜರ್ಮನಿಯ ಮರ್ಕ್ಲಿನ್ ಕಂಪನಿ, 1891ರಲ್ಲಿ. ಭಾರತಕ್ಕೆ ಬ್ರಿಟಿಷರ ಕಾಲದಲ್ಲಿ ಬಂದ ರೈಲುಗಳಲ್ಲಿ ಹಾರ್ನ್‌ಬಿ ಹೆಸರು ಸಿಗಬಹುದು. ಫ್ರಾಂಕ್ ಹಾರ್ನ್‌ಬಿಯವರ ಕೀ ಕೊಡುವ ರೈಲು ಮಾರುಕಟ್ಟೆಗೆ ಬಂದದ್ದು 1920ರಲ್ಲಿ. ಎಂಜಿನ್ನಿನ ಯಾವ ಭಾಗ ಯಾವುದು ಎಂದು ಮಕ್ಕಳಿಗೆ ತೋರಿಸಬೇಕೆಂದಿದ್ದರೆ ಮೈಸೂರಿನ ರೈಲು ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ. 1979ರಲ್ಲಿ ಶುರುವಾದ ಆ ಅಂಗಳದಲ್ಲಿ ನಿಜವಾದ ಹಬೆ ಎಂಜಿನ್ನುಗಳು ನಿಂತಿವೆ. ಆಟಿಕೆಯ ಫೋಟೊ ಕೈಯಲ್ಲಿ ಹಿಡಿದು ಹೊಗೆಗೊಳವೆ, ಬಾಯ್ಲರು, ಗುಮ್ಮಟ ಎಂದು ಹೋಲಿಸುತ್ತ ನಡೆದರೆ ತಗಡಿನವನು ಏನನ್ನು ಉಳಿಸಿಕೊಂಡ, ಏನನ್ನು ಬಿಟ್ಟ ಎಂಬುದು ಥಟ್ಟನೆ ತಿಳಿಯುತ್ತದೆ.

ಹೊಸದನ್ನೇ ಹಳತೆಂದು ಮಾರುವವರೂ ಇದ್ದಾರೆ. ತಲೆಯಲ್ಲಿ ಪ್ಲಸ್ ಗುರುತಿನ ಸ್ಕ್ರೂ ಕಂಡರೆ ಅದು 1930ರ ದಶಕಕ್ಕೆ ಮೊದಲಿನದಾಗಿರಲು ಸಾಧ್ಯವಿಲ್ಲ. ಆ ಸ್ಕ್ರೂ ಬಳಕೆಗೆ ಬಂದದ್ದೇ ಆಗ. ಬಣ್ಣವನ್ನು ಭೂತಗನ್ನಡಿಯಲ್ಲಿ ನೋಡಿದಾಗ ನಾಲ್ಕು ಬಣ್ಣದ ಚುಕ್ಕಿಗಳು ಸಾಲಾಗಿ ಕಂಡರೆ ಅದು ಈಚಿನ ಮುದ್ರಣ ಎಂದು ಅನುಮಾನಿಸಬೇಕು. ತುಕ್ಕು ಎಲ್ಲ ಕಡೆ ಒಂದೇ ಸಮ ಹರಡಿದ್ದರೂ ಅನುಮಾನಿಸಿ. ಮಗು ಹಿಡಿದ ಜಾಗ, ಚಕ್ರ ಉಜ್ಜಿದ ಜಾಗ, ನೆಲ ತಾಗಿದ ಅಂಚು ಹೀಗೆ ನಿಜವಾದ ಸವೆತಕ್ಕೆ ಒಂದು ಕಾರಣ ಇರುತ್ತದೆ.

ಡಬ್ಬದಿಂದ ಹುಟ್ಟಿದ ಜೀಪು

ಇಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ಕೊಡಗಿನವರಿಗೆ ಜೀಪು ಬರೀ ವಾಹನವಲ್ಲ. 1940ರ ದಶಕದ ಕೊನೆಗೆ ಮುಂಬೈಯಲ್ಲಿ ಮಹೀಂದ್ರಾದವರು ವಿಲ್ಲೀಸ್ ಜೀಪು ಜೋಡಿಸತೊಡಗಿದ ಮೇಲೆ ನಮ್ಮ ತೋಟದ ದಾರಿಗಳಿಗೆ ಹೇಳಿ ಮಾಡಿಸಿದ ಗಾಡಿ ಸಿಕ್ಕಿತು. ಗೊಬ್ಬರದ ಮೂಟೆ, ಆಳುಗಳು, ಮದುಮಗಳು, ಬಾಣಂತಿ ಎಲ್ಲರನ್ನೂ ಹೊತ್ತದ್ದು ಜೀಪೇ.

ಅದೇ ಜೀಪಿನ ತಗಡಿನ ರೂಪ ಹುಟ್ಟಿದ್ದು ಜಪಾನಿನ ಓತ್ಸು ಎಂಬ ಊರಿನಲ್ಲಿ, 1945ರ ಕೊನೆಯಲ್ಲಿ. ಯುದ್ಧ ಸೋತ ದೇಶದಲ್ಲಿ ಲೋಹ ಸಿಗುತ್ತಿರಲಿಲ್ಲ. ಮತ್ಸುಜೊ ಕೊಸುಗೆ ಎಂಬ ಕುಶಲಕರ್ಮಿ ಅಮೆರಿಕದ ಸೈನಿಕರು ತಿಂದು ಎಸೆದ ಡಬ್ಬಗಳನ್ನು ಕತ್ತರಿಸಿ, ತಟ್ಟಿ, ಅದೇ ಸೈನಿಕರು ಓಡಿಸುತ್ತಿದ್ದ ಜೀಪನ್ನು ಮಾಡಿದರು. ಕ್ಯೋಟೊದ ಒಂದು ಅಂಗಡಿಯಲ್ಲಿ 10 ಯೆನ್ನಿನಂತೆ ಅವು ಬಿಸಿಬಿಸಿಯಾಗಿ ಖರ್ಚಾದವು. ಜಪಾನಿನ ಯುದ್ಧಾನಂತರದ ಆಟಿಕೆ ಉದ್ಯಮದ ಕಥೆ ಹೇಳುವವರೆಲ್ಲ ಈ ಜೀಪಿನಿಂದಲೇ ಶುರು ಮಾಡುತ್ತಾರೆ.

ಇದನ್ನು ಯಾಕೆ ಹೇಳಿದೆನೆಂದರೆ, ನಮ್ಮ ತೋಟದ ಕೆಲಸಗಾರರ ಲೈನ್‌ಮನೆಗಳ ಮಕ್ಕಳೂ ಇದನ್ನೇ ಮಾಡಿದ್ದಾರೆ. ಎಣ್ಣೆ ಡಬ್ಬ ಸೀಳಿ ಲಾರಿಯ ಮೈ, ಸವೆದ ಹವಾಯಿ ಚಪ್ಪಲಿ ಕೊರೆದು ಚಕ್ರ, ಕೊಡೆಯ ಕಡ್ಡಿಯಿಂದ ಅಚ್ಚು. ಅಂಥದ್ದೊಂದು ನಿಮ್ಮ ಅಟ್ಟದಲ್ಲಿದ್ದರೆ ಜರ್ಮನಿಯ ಎಂಜಿನ್ನಿಗೆ ಕೊಡುವಷ್ಟೇ ಜಾಗ ಅದಕ್ಕೂ ಕೊಡಿ. ನನ್ನ ಮಟ್ಟಿಗೆ ಒಂದು ಕೈ ಹೆಚ್ಚೇ ಕೊಡಬೇಕು: ಜರ್ಮನಿಯದು ಪ್ರಪಂಚದಲ್ಲಿ ಇನ್ನೂ ಹತ್ತಾರು ಕಡೆ ಇರುತ್ತದೆ, ಇದು ಇರುವುದು ಒಂದೇ.

ತುಕ್ಕು ಯಾಕೆ ಇಷ್ಟು ಬೇಗ?

ತಗಡು ಎಂದು ನಾವು ಕರೆಯುವುದು ತೆಳುವಾದ ಉಕ್ಕಿನ ಹಾಳೆ. ಅದರ ಎರಡೂ ಬದಿಗೆ ತವರದ ಲೇಪ ಇರುತ್ತದೆ, ಅದರ ಮೇಲೆ ಬಣ್ಣ. ಹಳೆಯ ಕಾಲದಲ್ಲಿ ಬಣ್ಣವನ್ನು ಕೈಯಲ್ಲೇ ಹಚ್ಚುತ್ತಿದ್ದರು. ಇಂಗ್ಲೆಂಡಿನ ರಾಬರ್ಟ್ ಬಾರ್ಕ್ಲೇ 1875ರಲ್ಲಿ ತಗಡಿನ ಮೇಲೆ ಮುದ್ರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಹಾಳೆಯ ಮೇಲೇ ಚಿತ್ರ ಅಚ್ಚು ಹಾಕಿ, ಆಮೇಲೆ ಕತ್ತರಿಸಿ, ಮಡಚಿ, ಕಿವಿಗಳನ್ನು ಸೀಳುಗಳಿಗೆ ತೂರಿಸಿ ಬಗ್ಗಿಸುವ ಕ್ರಮ ಬಂತು. ಬೆಸುಗೆ ಕಡಿಮೆಯಾಯಿತು, ಬೆಲೆ ಇಳಿಯಿತು, ಆಟಿಕೆ ಸಾಮಾನ್ಯರ ಮನೆಗೂ ಬಂತು.

ನಮ್ಮ ಕೊಟ್ಟಿಗೆಯ ಮಾಡಿಗೆ ಹೊದಿಸುವ ಜಿಂಕ್ ಶೀಟಿಗೂ ಈ ತಗಡಿಗೂ ದೊಡ್ಡ ವ್ಯತ್ಯಾಸ ಇದೆ. ಜಿಂಕ್ ಶೀಟಿನ ಮೇಲೆ ಗೀರು ಬಿದ್ದರೆ ಸತುವು ತಾನು ಸವೆದು ಒಳಗಿನ ಉಕ್ಕನ್ನು ಕಾಯುತ್ತದೆ. ತವರ ಹಾಗಲ್ಲ. ಲೇಪ ಇಡಿಯಾಗಿರುವ ತನಕ ಮಾತ್ರ ಕಾವಲು. ಒಂದು ಗೀರು ಬಿದ್ದರೆ ಒಳಗಿನ ಕಬ್ಬಿಣವೇ ಮೊದಲು ಸವೆಯುತ್ತದೆ, ಅದೂ ಬೇಗ ಬೇಗ. ಕತ್ತರಿಸಿದ ಅಂಚು, ಬಗ್ಗಿಸಿದ ಕಿವಿ, ಕೀ ತೂತಿನ ಸುತ್ತ ತುಕ್ಕು ಮೊದಲು ಕಾಣುವುದು ಈ ಕಾರಣಕ್ಕೆ.

ಗಾಳಿಯಲ್ಲಿನ ತೇವ ಶೇ 60 ದಾಟಿದರೆ ಕಬ್ಬಿಣಕ್ಕೆ ಕೇಡು ಹೆಚ್ಚುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಕಕ್ಕಡ ತಿಂಗಳಿನಲ್ಲಿ ಗೋಡೆಯೇ ಬೆವರುತ್ತದೆ, ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಬರುತ್ತದೆ. ಬಯಲುಸೀಮೆಯ ಮನೆಯಲ್ಲಿ ಶೋಕೇಸಿನಲ್ಲಿಟ್ಟು ಮರೆತರೂ ನಡೆಯುವ ವಸ್ತುವಿಗೆ ಇಲ್ಲಿ ಆ ರಿಯಾಯಿತಿ ಇಲ್ಲ.

ಸ್ವಚ್ಛ ಮಾಡುವ ಕ್ರಮ

ಈ ಕೆಲಸಕ್ಕೆ ಬಿಸಿಲಿನ ದಿನವೇ ಬೇಕು. ಮಂಜು ಪೂರ್ತಿ ಕರಗಿ, ಹತ್ತು ಹನ್ನೊಂದು ಗಂಟೆಯಾದ ಮೇಲೆ ಶುರು ಮಾಡಿ. ಆಟಿಕೆಯನ್ನು ಬಿಸಿಲಿಗೆ ಇಡುವುದು ಬೇಡ, ಬಣ್ಣ ಮಾಸುತ್ತದೆ. ಒಣಗಿದ ಗಾಳಿ ಸಾಕು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಇದೆ, ಅಂಚುಗಳೂ ಹರಿತ. ಕೈಗವಸು ಹಾಕಿ, ಚಿಕ್ಕ ಮಕ್ಕಳನ್ನು ದೂರ ಕೂರಿಸಿ, ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ.

ಮೊದಲಿಗೆ ಬರೀ ಧೂಳು. ಚಿತ್ರ ಬಿಡಿಸುವ ಮೃದುವಾದ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ತೆಳುವಾಗಿ ಎಳೆಯಿರಿ. ಬಣ್ಣ ಚಕ್ಕೆ ಎದ್ದಿದ್ದರೆ ಆ ಜಾಗ ಮುಟ್ಟದೆ ಬಿಡಿ. ನೂರಕ್ಕೆ ಐವತ್ತು ಆಟಿಕೆಗಳಿಗೆ ಇಷ್ಟೇ ಸಾಕಾಗುತ್ತದೆ ಎಂಬುದು ನನ್ನ ಅನಿಸಿಕೆ. ಇಲ್ಲಿಗೇ ನಿಲ್ಲಿಸುವ ಮನಸ್ಸು ಬಂದರೆ ಧಾರಾಳವಾಗಿ ನಿಲ್ಲಿಸಿ.

ಜಿಡ್ಡು ಅಂಟಿದೆ ಅಂದರೆ ಮಾತ್ರ ಮುಂದಿನ ಹೆಜ್ಜೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಒಂದು ಲೋಟ, ಅದಕ್ಕೆ ಒಂದೇ ಹನಿ ಮೆದು ದ್ರವ ಸೋಪು. ಕಿವಿಗೆ ಬಳಸುವ ಹತ್ತಿಕಡ್ಡಿ ಅದ್ದಿ, ಹಿಂಡಿ, ತಳದಲ್ಲಿ ಯಾರಿಗೂ ಕಾಣದ ಜಾಗದಲ್ಲಿ ಒಮ್ಮೆ ಉರುಳಿಸಿ ನೋಡಿ. ಹತ್ತಿಗೆ ಕೊಳೆ ಬಂದರೆ ಸರಿ. ಕೆಂಪೋ ಹಳದಿಯೋ ಬಂದರೆ ಬಣ್ಣ ಕರಗುತ್ತಿದೆ ಎಂದರ್ಥ, ಅಲ್ಲಿಗೇ ಬಿಟ್ಟುಬಿಡಿ. ಎಲ್ಲ ಬಣ್ಣವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಹಸಿರು ಗಟ್ಟಿಯಾಗಿ ನಿಂತ ಆಟಿಕೆಯಲ್ಲಿ ಕೆಂಪು ಕರಗುವುದುಂಟು. ಉಜ್ಜಬೇಡಿ, ಕಡ್ಡಿಯನ್ನು ಉರುಳಿಸಿ. ರೂಪಾಯಿ ನಾಣ್ಯದಷ್ಟು ಜಾಗ ಆದ ಕೂಡಲೇ ಒಣ ಹತ್ತಿಯಲ್ಲಿ ಒತ್ತಿ ಒಣಗಿಸಿ, ಆಮೇಲೆ ಪಕ್ಕದ ಜಾಗ. ನೀರು ಮಡಿಕೆಯೊಳಗೆ ಇಳಿಯಬಾರದು.

ನಮ್ಮ ಮನೆಯಲ್ಲಿ ಒಂದು ತಗಡಿನ ಬಸ್ಸು ಇತ್ತು. ಹಬ್ಬದ ಹಿಂದಿನ ದಿನ ಹಿತ್ತಾಳೆ ದೀಪಗಳ ಜೊತೆ ಅದನ್ನೂ ಹುಣಸೆಹಣ್ಣಿನಲ್ಲಿ ತಿಕ್ಕಿದರು. ಪ್ರೀತಿಯಿಂದಲೇ ಮಾಡಿದ ಕೆಲಸ. ಕಿಟಕಿಯಲ್ಲಿದ್ದ ಮುಖಗಳೆಲ್ಲ ಅಳಿಸಿಹೋದವು, ಬೆಳ್ಳಗಾದ ತಗಡು ಮುಂದಿನ ಮಳೆಗಾಲಕ್ಕೆ ಕೆಂಪಾಯಿತು. ಆ ನೋವಿನಿಂದ ಹೇಳುತ್ತಿದ್ದೇನೆ: ಹುಣಸೆಹಣ್ಣು, ನಿಂಬೆ, ಕಾಚಂಪುಳಿ, ಬೂದಿ, ಪಾತ್ರೆ ಪುಡಿ, ಬ್ರಾಸೊ, ಪೆಟ್ರೋಲು, ಥಿನ್ನರು ಯಾವುದೂ ಹತ್ತಿರ ಸುಳಿಯಬಾರದು. ಉಪ್ಪುಕಾಗದವಂತೂ ಬೇಡವೇ ಬೇಡ. ಕೊಬ್ಬರಿ ಎಣ್ಣೆ ಹಚ್ಚಿದರೆ ಮೊದಲು ಹೊಳೆಯುತ್ತದೆ, ಆಮೇಲೆ ಅಂಟಾಗಿ ಧೂಳು ಹಿಡಿಯುತ್ತದೆ.

ತುಕ್ಕಿನ ವಿಷಯಕ್ಕೆ ಬರೋಣ. ಬೆರಳು ತಾಗಿಸಿದರೆ ಕಿತ್ತಳೆ ಪುಡಿ ಅಂಟುತ್ತದೆಯೇ? ಅದು ಜೀವಂತ ತುಕ್ಕು, ಇನ್ನೂ ಹರಡುತ್ತಿದೆ. ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿದ್ದನ್ನು ಮುಟ್ಟದಿದ್ದರೂ ನಡೆಯುತ್ತದೆ. ಪುಡಿ ತುಕ್ಕನ್ನು ಬಿದಿರಿನ ಕಡ್ಡಿಯ ತುದಿಯಿಂದ ಮೆಲ್ಲಗೆ ಕೆರೆದು, ಬ್ರಷ್ಷಿನಲ್ಲಿ ಗುಡಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಹತ್ತಿಕಡ್ಡಿಯಲ್ಲಿ ತುಕ್ಕಿನ ಜಾಗಕ್ಕಷ್ಟೇ ತಾಗಿಸಿ, ಅರ್ಧ ಗಂಟೆ ಬಿಟ್ಟು ಪೂರ್ತಿ ಒರೆಸಿ ತೆಗೆಯಿರಿ.

ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಒರೆಸಿ ಎಣ್ಣೆ ಹಾಕುವ ಮನೆಗಳಲ್ಲಿ ಈ ಕೈಚಳಕ ಹೇಳಿಕೊಡಬೇಕಾದ್ದಿಲ್ಲ. ಎಣ್ಣೆ ಕಾಣಬಾರದು, ಆದರೆ ಇರಬೇಕು ಎಂಬ ಅದೇ ಲೆಕ್ಕ. ಆದರೆ ಕೋವಿಯ ನಳಿಗೆ ತೊಳೆಯುವ ದ್ರಾವಣವನ್ನು ಇಲ್ಲಿಗೆ ತರಬೇಡಿ. ಅದು ಬರಿಯ ಉಕ್ಕಿಗಾಗಿ ಮಾಡಿದ್ದು, ಬಣ್ಣವನ್ನು ತಿಂದುಹಾಕುತ್ತದೆ.

ಕೊನೆಯದಾಗಿ ಮೇಣ. ಸಂಗ್ರಹಾಲಯಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣ ಆನ್‌ಲೈನಿನಲ್ಲಿ ಸಿಗುತ್ತದೆ. ರಿನೈಸನ್ಸ್ ವ್ಯಾಕ್ಸ್ ಎಂಬುದು ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಯೋಗಾಲಯದಲ್ಲಿ ರೂಪುಗೊಂಡದ್ದು. ಬಣ್ಣ ಗಟ್ಟಿಯಾಗಿದ್ದರೆ ಮಾತ್ರ, ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಕಾಣದಷ್ಟು ತೆಳುವಾಗಿ ಹಚ್ಚಿ ಒರೆಸಿ. ಮೊದಲು ತಳದಲ್ಲಿ ಪರೀಕ್ಷೆ ಮಾಡುವುದನ್ನು ಮರೆಯಬೇಡಿ.

ಹೊಸ ಬಣ್ಣ ಹೊಡೆಸೋಣ ಎಂಬ ಆಸೆ ಬರುತ್ತದೆ. ಬೇಡ. ಮಾಸಿದ ಬಣ್ಣವೇ ಅದರ ದಾಖಲೆ. ಹೊಸ ಬಣ್ಣದ ಕೆಳಗೆ ಕಂಪನಿಯ ಗುರುತು, ಮುದ್ರಣದ ಸೂಕ್ಷ್ಮ, ಮಗು ಹಲ್ಲಿನಲ್ಲಿ ಕಚ್ಚಿದ ಗುರುತು ಎಲ್ಲವೂ ಹೂತುಹೋಗುತ್ತವೆ.

ಕೀ, ಸ್ಪ್ರಿಂಗು, ಬ್ಯಾಟರಿ

ಹತ್ತಾರು ವರ್ಷ ನಿಂತಿದ್ದ ಸ್ಪ್ರಿಂಗಿಗೆ ಪೂರ್ತಿ ಕೀ ಕೊಟ್ಟರೆ ತುಂಡಾಗಬಹುದು. ಹಲ್ಲುಚಕ್ರದ ನಡುವೆ ಗಟ್ಟಿಯಾದ ಹಳೆಯ ಎಣ್ಣೆ ಇದ್ದರೆ ಹಲ್ಲು ಮುರಿಯಬಹುದು. ಮೊದಲು ಚಕ್ರವನ್ನು ಬೆರಳಲ್ಲಿ ಮೆಲ್ಲಗೆ ಅಲುಗಿಸಿ ನೋಡಿ. ಬಿಗಿಯಾಗಿದ್ದರೆ ಸೂಜಿಯ ತುದಿಯಲ್ಲಿ ಹೊಲಿಗೆ ಯಂತ್ರದ ಎಣ್ಣೆ ತೆಗೆದು ಅಚ್ಚಿನ ಎರಡೂ ಕೊನೆಗೆ ಒಂದೊಂದು ಹನಿ ಬಿಡಿ. ಒಂದು ದಿನ ಬಿಟ್ಟು ಮತ್ತೆ ನೋಡಿ. ಆಮೇಲೆ ಕೀ ಅರ್ಧ ಸುತ್ತು. ಕಟಕಟ ಎಂದು ಹಿಡಿದುಕೊಂಡರೆ ಸರಿ. ಜಾರಿದರೆ ಅಥವಾ ಕಲ್ಲಿನಂತೆ ನಿಂತರೆ ಬಲ ಹಾಕದೆ ಬಿಡಿ.

ದುರಸ್ತಿ ಮಾಡೋಣ ಎಂದು ತಗಡಿನ ಕಿವಿಗಳನ್ನು ಬಿಚ್ಚಲು ಹೋಗಬೇಡಿ. ಹಳೆಯ ತಗಡು ಒಂದೆರಡು ಸಲ ಬಗ್ಗಿಸಿದರೆ ಸೀಳುತ್ತದೆ. ತೀರಾ ಬೇಕೆಂದರೆ ಹಳೆಯ ಗಡಿಯಾರ ರಿಪೇರಿ ಮಾಡಿ ಗೊತ್ತಿರುವವರ ಹತ್ತಿರ ಒಯ್ಯಿರಿ. ಒಳಗಿರುವುದು ಗಡಿಯಾರದ್ದೇ ಕೆಲಸ. ನೆಲಕ್ಕೆ ಉಜ್ಜಿ ಬಿಟ್ಟರೆ ಓಡುವ ಕಾರುಗಳಲ್ಲಿ ಸ್ಪ್ರಿಂಗಿನ ಬದಲು ಭಾರದ ಚಕ್ರ ಇರುತ್ತದೆ, ಅವು ಇಷ್ಟು ನಾಜೂಕಲ್ಲ. ಬ್ಯಾಟರಿಯ ಆಟಿಕೆಯಾದರೆ ಒಳಗೆ ಹಳೆಯ ಸೆಲ್ಲು ಉಳಿದಿದೆಯೇ ನೋಡಿ ತಕ್ಷಣ ತೆಗೆಯಿರಿ. ಸೋರಿ ಬೆಳ್ಳಗೆ, ಹಸಿರಾಗಿ ಗಟ್ಟಿಕಟ್ಟಿದ್ದನ್ನು ಒಣ ಬ್ರಷ್ಷಿನಲ್ಲಿ ಬಿಡಿಸಿ, ಹಿಂಡಿದ ಹತ್ತಿಕಡ್ಡಿಯಲ್ಲಿ ಒರೆಸಿ, ಒಣಗಿಸಿ.

ಜಾತ್ರೆಯಲ್ಲಿ ಮಾರುತ್ತಿದ್ದ ಪಟಪಟ ದೋಣಿ ಸಿಕ್ಕಿದ್ದರೆ ಖುಷಿಪಡಿ. ಬತ್ತಿ ಹಚ್ಚಿದರೆ ಬಿಸಿಯಾದ ನೀರು ಹಬೆಯಾಗಿ ಕೊಳವೆಯ ನೀರನ್ನು ಹಿಂದಕ್ಕೆ ತಳ್ಳುತ್ತದೆ, ಹಬೆ ತಣಿದಾಗ ನೀರು ಮತ್ತೆ ಒಳಗೆ ಬರುತ್ತದೆ, ಈ ಎಳೆದಾಟದಲ್ಲಿ ದೋಣಿ ಮುಂದೆ ಹೋಗುತ್ತದೆ. ಟಾಮಸ್ ಪಿಯೊ ಎಂಬವರು ಇದಕ್ಕೆ ಬ್ರಿಟನ್ನಿನಲ್ಲಿ ಪೇಟೆಂಟ್ ಕೇಳಿದ್ದು 1891ರಲ್ಲಿ. ಹಳೆಯ ದೋಣಿಗೆ ಬೆಂಕಿ ಹಚ್ಚಬೇಡಿ, ಬಣ್ಣ ಸುಡುತ್ತದೆ. ಮಕ್ಕಳಿಗೆ ತೋರಿಸಲು ಹೊಸದೊಂದು ತನ್ನಿ.

ಮಳೆಗಾಲಕ್ಕೆ ಮುಂಚೆ ಡಬ್ಬ

ಮಡಿಕೇರಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಮೇ ಎರಡನೇ ವಾರದೊಳಗೆ ಮುಗಿಯಬೇಕು.

ಅಡುಗೆಮನೆಗೆ ಮಾರುವ ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬ ಸಾಕು. ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕೆ ಇರಲಿ. 3 ಎಂದಿದ್ದರೆ ಅದು ಪಿವಿಸಿ, ಬೇಡ. ಕಾಲಕ್ರಮದಲ್ಲಿ ಅದು ಬಿಡುವ ಆವಿ ಲೋಹಕ್ಕೆ ಹಾನಿ. ಸಿಲಿಕಾ ಜೆಲ್ ಔಷಧದ ಡಬ್ಬಿಯಲ್ಲಿ ಬರುವ ಪುಟ್ಟ ಪೊಟ್ಟಣದಷ್ಟು ಸಾಲದು. 10 ಲೀಟರಿನ ಡಬ್ಬಕ್ಕೆ 200 ಗ್ರಾಂ ಲೆಕ್ಕ ಇಟ್ಟುಕೊಳ್ಳಿ. ತೆಳು ಹತ್ತಿ ಬಟ್ಟೆಯ ಚೀಲ ಹೊಲಿದು ತುಂಬಿ, ಆಟಿಕೆಗೆ ತಾಗದಂತೆ ಮೂಲೆಯಲ್ಲಿಡಿ. ನೀಲಿ ಹರಳಿನದ್ದರಲ್ಲಿ ಕೋಬಾಲ್ಟ್ ಇರುತ್ತದೆ. ಮಕ್ಕಳಿರುವ ಮನೆಗೆ ಕಿತ್ತಳೆಯದು ವಾಸಿ. ತೇವ ಹೀರಿ ಬಣ್ಣ ಬದಲಾದ ಮೇಲೆ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಬಳಕೆಗೆ ಬರುತ್ತದೆ. ಬಚ್ಚಲಿನಲ್ಲಿ, ಬೀರುವಿನಲ್ಲಿ ನೇತುಹಾಕುವ, ನೀರು ತುಂಬಿಕೊಳ್ಳುವ ತೇವಹೀರುಕವನ್ನು ಮಾತ್ರ ಇದರೊಳಗೆ ಇಡಬೇಡಿ. ಅದರ ಉಪ್ಪುನೀರು ಒಂದು ಹನಿ ಚೆಲ್ಲಿದರೆ ತಗಡಿನ ಕಥೆ ಮುಗಿಯಿತು.

ಜೊತೆಗೆ ಒಂದು ಪುಟ್ಟ ತೇವಾಂಶದ ಮೀಟರು ಹಾಕಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕಾಫಿ ಬೀಜದ ತೇವ ನೋಡುವ ಮೀಟರು ಬೇರೆ, ಇದು ಗಾಳಿಯದು. ಶೇ 50ರ ಕೆಳಗಿದ್ದರೆ ನೆಮ್ಮದಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಮುಚ್ಚಳ ತೆಗೆಯದೆ ಹೊರಗಿನಿಂದಲೇ ನೋಡಿ.

ಆಟಿಕೆಯನ್ನು ಸುತ್ತಲು ಅಚ್ಚಿಲ್ಲದ ತೆಳು ಬಿಳಿ ಕಾಗದ ಅಥವಾ ಒಗೆದು ಒಣಗಿಸಿದ ಹತ್ತಿ ಬಟ್ಟೆ. ಪತ್ರಿಕೆಯ ಹಾಳೆ ತೇವ ಹಿಡಿದುಕೊಳ್ಳುತ್ತದೆ, ಹುಳಿಯೂ ಬಿಡುತ್ತದೆ. ರಬ್ಬರ್ ಬ್ಯಾಂಡು, ಸ್ಪಂಜು, ನುಸಿಗುಳಿಗೆ ಬೇಡ. ಆಟಿಕೆ ಬಂದ ಮೂಲ ರಟ್ಟಿನ ಪೆಟ್ಟಿಗೆ ಉಳಿದಿದ್ದರೆ ಬಲು ಅಪರೂಪ, ಅದನ್ನು ಎಸೆಯದೆ ಬೇರೆ ಡಬ್ಬದಲ್ಲಿಡಿ.

ಮಳೆಗಾಲದಲ್ಲಿ ಬೀರುವಿನೊಳಗೆ ಬಲ್ಬು ಉರಿಸಿಡುವ ಅಭ್ಯಾಸ ನಮ್ಮಲ್ಲಿದೆ. ಹಳೆಯ ತಂತಿಯ ಬಲ್ಬಾದರೆ ಉಪಯೋಗ ಇದೆ, ಎಲ್‌ಇಡಿಯ ಕಾವು ಸಾಲದು. ಬಲ್ಬಿಗೂ ವಸ್ತುವಿಗೂ ಕನಿಷ್ಠ ಒಂದು ಗೇಣು ದೂರ ಇರಲಿ, ಬಟ್ಟೆ ಹತ್ತಿರ ಇರದಿರಲಿ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ಎಂದು ಅಲ್ಲಿಡುವವರಿದ್ದಾರೆ. ಮೆಣಸಿಗೆ, ಬಿದಿರಿನ ಬುಟ್ಟಿಗೆ ಅದು ಒಳ್ಳೆಯ ಜಾಗ. ತಗಡಿಗೆ ಹೊಗೆಯ ಮಸಿ ಒಳ್ಳೆಯದಲ್ಲ.

ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಕೆಳಗಿನ ಮೆಟ್ಟಿಲಲ್ಲಿ ರೈಲು, ಕಾರು ಇಡುವುದು ಚೆಂದದ ಪದ್ಧತಿ, ನಿಲ್ಲಿಸಬೇಡಿ. ದೀಪದಿಂದ ದೂರ ಇಡಿ. ಆಯುಧಪೂಜೆಯ ಕುಂಕುಮ, ಒದ್ದೆ ಹೂವನ್ನು ತಗಡಿನ ಮೇಲಲ್ಲ, ಅದರ ಮುಂದೆ ಎಲೆಯ ಮೇಲಿಡಿ. ಹಬ್ಬ ಮುಗಿದ ಮೇಲೆ ಒಣಗಿದ ದಿನ ನೋಡಿ ಡಬ್ಬಕ್ಕೆ ಮರಳಿಸಿ.

ಕಾನೂನಿನ ಎರಡು ಮಾತು

ಭಾರತದ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಆ ಕಾಲದ ಕುಶಲಕಲೆಯನ್ನು ತೋರಿಸುವ, 100 ವರ್ಷಕ್ಕೆ ಕಡಿಮೆಯಿಲ್ಲದ ವಸ್ತುಗಳು ಪ್ರಾಚ್ಯವಸ್ತುವಿನ ಲೆಕ್ಕಕ್ಕೆ ಬರಬಹುದು. ಅಂಥವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ವಿದೇಶದ ಮಗನಿಗೋ ಮಗಳಿಗೋ ಕಳಿಸುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣೆಯಲ್ಲಿ ವಿಚಾರಿಸಿ. ಇನ್ನು, ಮಕ್ಕಳು ಆಡಲೆಂದು ಹೊಸ ತಗಡಿನ ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಅದು ಕಡ್ಡಾಯ. ಹಳೆಯದು ನೋಡುವುದಕ್ಕೆ, ಹೊಸದು ಆಡುವುದಕ್ಕೆ.

ವರ್ಷಕ್ಕೆ ಒಂದು ದಿನ

ಸ್ಪ್ರಿಂಗು ಆರೋಗ್ಯವಾಗಿರುವ ಆಟಿಕೆಯನ್ನು ವರ್ಷಕ್ಕೊಮ್ಮೆ, ಬೇಸಿಗೆಯ ಒಂದು ಒಣ ಮಧ್ಯಾಹ್ನ ಹೊರಗೆ ತೆಗೆಯಿರಿ. ಮನೆಯ ಹಿರಿಯರನ್ನೂ ಮಕ್ಕಳನ್ನೂ ಮೇಜಿನ ಸುತ್ತ ಕೂರಿಸಿ. ಅಂಚಿನಿಂದ ಬೀಳದಂತೆ ಮಡಚಿದ ಕಂಬಳಿ ಸುತ್ತಿಡಿ. ಫ್ಯಾನು, ಟಿವಿ ಆರಿಸಿ. ಒಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಲಿ. ಚಿತ್ರಕ್ಕಿಂತ ಧ್ವನಿ ಮುಖ್ಯ. ಆ ಹಲ್ಲುಚಕ್ರದ ಕಿರಕಿರ ಸದ್ದು ಮನೆಯಲ್ಲಿ ಯಾರದ್ದೋ ಬಾಲ್ಯದ ಸದ್ದು, ಸ್ಪ್ರಿಂಗು ಒಮ್ಮೆ ಹೋದರೆ ಅದು ಮತ್ತೆ ಕೇಳಿಸುವುದಿಲ್ಲ. ಕೀ ಅರ್ಧ ಸುತ್ತು, ಹೆಚ್ಚೆಂದರೆ ಒಂದು. ಓಡಿ ನಿಂತ ಮೇಲೆ ಹಿರಿಯರು ಏನು ಹೇಳುತ್ತಾರೋ ಅದೂ ರೆಕಾರ್ಡ್ ಆಗಲಿ, ಕ್ಯಾಮೆರಾ ಬೇಗ ನಿಲ್ಲಿಸಬೇಡಿ. ಆಮೇಲೆ ಚಕ್ರವನ್ನು ಬೆರಳಲ್ಲಿ ತಿರುಗಿಸಿ ಸ್ಪ್ರಿಂಗು ಪೂರ್ತಿ ಬಿಚ್ಚಿಕೊಂಡಿದೆಯೇ ನೋಡಿ, ಕೀಯನ್ನು ಬೇರೆ ಚೀಟಿಯಲ್ಲಿ ಸುತ್ತಿ ಅದೇ ನಂಬರು ಬರೆದು, ಎರಡನ್ನೂ ಒಂದೇ ಡಬ್ಬದಲ್ಲಿಟ್ಟು ಮುಚ್ಚಳ ಬಿಗಿಮಾಡಿ.